ನೂರು ಪುಟ ಆಯ್ತು, ಸೇತುವೆ ಇನ್ನೂ ನಿಂತೇ ಇದೆ: ಹೆಮಿಂಗ್ವೇ ಕಾದಂಬರಿ ಶುರು ಮಾಡಿದವರು ಇಲ್ಲಿ ಬನ್ನಿ

ಅಂತರಗಂಗೆ:
ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ಒಂದೇ ಪುಸ್ತಕ ಓದೋಣ ಅಂದುಕೊಂಡಿದ್ದೆವಲ್ಲ, ಶುರು ಮಾಡಿದ್ದೇನೆ. ಹೆಮಿಂಗ್ವೇ ಬರೆದ 'ಫಾರ್ ಹೂಮ್ ದ ಬೆಲ್ ಟೋಲ್ಸ್'. 1940ರ ಕಾದಂಬರಿ, ಸ್ಪೇನಿನ ಅಂತರ್ಯುದ್ಧದ ಕಥೆ. ನಾನು ಓದುವುದು ಕೋಲಾರದಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ. ಸೀಟು ಸಿಕ್ಕಿದ ದಿನ ಹದಿನೈದು ಪುಟ, ಸಿಗದ ದಿನ ಸೊನ್ನೆ. ಈಗ ಒಂಬತ್ತು ಅಧ್ಯಾಯ ಮುಗಿದಿವೆ. ಒಟ್ಟು 43 ಇವೆ. ದಯವಿಟ್ಟು ಮುಂದಿನದು ಯಾರೂ ಹೇಳಬೇಡಿ.

ಕಥೆ ಇಷ್ಟೇ. ರಾಬರ್ಟ್ ಜೋರ್ಡನ್ ಅಂತ ಒಬ್ಬ ಅಮೆರಿಕದವನು. ಊರಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಇಲ್ಲಿ ಬಂದು ಡೈನಮೈಟ್ ಇಡುವ ಕೆಲಸ ಮಾಡುತ್ತಿದ್ದಾನೆ. ಶತ್ರುಗಳ ಗಡಿಯ ಹಿಂದೆ, ಬೆಟ್ಟದ ಗುಹೆಯಲ್ಲಿ ಅಡಗಿರುವ ಗೆರಿಲ್ಲಾಗಳ ಗುಂಪು ಸೇರಿ ಒಂದು ಸೇತುವೆ ಉಡಾಯಿಸಬೇಕು. ಯಾವಾಗ ಬೇಕೋ ಆವಾಗ ಅಲ್ಲ. ತಮ್ಮ ಕಡೆಯ ದಾಳಿ ಶುರುವಾದ ಮೇಲೆಯೇ ಉಡಾಯಿಸಬೇಕು. ಮೊದಲೇ ಉಡಾಯಿಸಿದರೆ ಶತ್ರು ರಿಪೇರಿ ಮಾಡಿಕೊಳ್ಳುತ್ತಾನೆ. ತಡವಾದರೆ ಅವನ ಸೈನ್ಯ ಆಗಲೇ ದಾಟಿರುತ್ತದೆ.

ಇಷ್ಟವಾದದ್ದು: ಮೊದಲ ಪುಟದಲ್ಲಿ ಅವನು ಪೈನ್ ಮರದ ಒಣ ಎಲೆ ಉದುರಿದ ನೆಲದ ಮೇಲೆ ಮಕಾಡೆ ಮಲಗಿ ಕೆಳಗಿನ ರಸ್ತೆ ನೋಡುತ್ತಾನೆ. ಪಕ್ಕದಲ್ಲಿ ದಾರಿ ತೋರಿಸಲು ಬಂದ 68 ವರ್ಷದ ಮುದುಕ. ಡೈನಮೈಟ್ ಮೂಟೆ ಹೊತ್ತು ಬಂದಿರುವ ಆ ಅಜ್ಜನ ಹೆಸರೇ ಇವನಿಗೆ ಮರೆತುಹೋಗಿದೆ. ಅಯ್ಯೋ, ಇದು ಒಳ್ಳೆ ಲಕ್ಷಣ ಅಲ್ಲ ಅಂದುಕೊಳ್ಳುತ್ತಾನೆ. ಅಲ್ಲಿಗೆ ನಾನು ಅವನನ್ನು ನಂಬಿಬಿಟ್ಟೆ.

ಕಷ್ಟವಾದದ್ದು: ಭಾಷೆ. ಎಲ್ಲರೂ ಹಳೇ ಕಾಲದ ಇಂಗ್ಲಿಷಿನಲ್ಲಿ 'ದೌ', 'ದೀ' ಅಂತ ಮಾತಾಡುತ್ತಾರೆ. ಕುದುರೆ ಕಾಯುವವನೂ ಹಾಗೇ, ಅಡುಗೆ ಮಾಡುವವಳೂ ಹಾಗೇ. ಪೌರಾಣಿಕ ನಾಟಕ ನೋಡಿದ ಹಾಗಿದೆ. ಬೈಗುಳ ಬರುವ ಕಡೆಯಲ್ಲೆಲ್ಲ 'ಅಶ್ಲೀಲ' ಅನ್ನುವ ಪದವನ್ನೇ ಹಾಕಿದ್ದಾರೆ! ಟಿವಿಯಲ್ಲಿ ಬೀಪ್ ಹಾಕಿದ ಹಾಗೆ. ಎರಡು ಸಲ ಪುಸ್ತಕ ಮುಚ್ಚಿದೆ. ನಿಮಗೂ ಹೀಗೇ ಆಯ್ತಾ?

ಮಾವಿನತೋಪು:
ಅಕ್ಕ, ನನ್ನದು ಭಾಷೆಯ ಸಮಸ್ಯೆ ಅಲ್ಲ. ಮಗ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಾನೆ. ನನ್ನ ಸಮಸ್ಯೆ ಏನಂದ್ರೆ ನೂರು ಪುಟ ಆದರೂ ಒಂದು ಗುಂಡು ಹಾರಿಲ್ಲ. ಯುದ್ಧದ ಕಾದಂಬರಿ ಅಂತ ತಂದೆ. ಇವರು ತಿನ್ನುತ್ತಾರೆ, ಕುಡಿಯುತ್ತಾರೆ, ಜಗಳ ಆಡುತ್ತಾರೆ, ಮಲಗುತ್ತಾರೆ. ಮೂರ್ನಾಲ್ಕು ದಿನದ ಕಥೆಗೆ ಇಷ್ಟು ದಪ್ಪ ಪುಸ್ತಕ ಬೇಕಾ? ಶ್ರೀನಿವಾಸಪುರದಲ್ಲಿ ಕಾಯಿ ಇಳಿಸುವ ಟೈಮು ಬೇರೆ. ಲಾರಿ ಬರುವುದರೊಳಗೆ ಎಷ್ಟಾಗುತ್ತೋ ಅಷ್ಟು ಓದುತ್ತೇನೆ.

ಆದರೂ ಆ ಪಾಬ್ಲೋ ನನಗೆ ಅರ್ಥವಾದ. ಗುಂಪಿನ ಯಜಮಾನ. ಮೊದಲು ಹುಲಿಯ ಹಾಗಿದ್ದನಂತೆ, ಈಗ ಸೇತುವೆ ಬೇಡ ಅನ್ನುತ್ತಾನೆ. ನರಿ ತನ್ನ ಬಿಲದ ಹತ್ತಿರ ಬೇಟೆ ಆಡಲ್ಲ, ಇಲ್ಲಿ ಗಲಾಟೆ ಮಾಡಿದರೆ ನಮ್ಮನ್ನು ಈ ಬೆಟ್ಟದಿಂದಲೇ ಓಡಿಸುತ್ತಾರೆ ಅನ್ನುವ ಲೆಕ್ಕ ಅವನದು. ಎಲ್ಲರೂ ಅವನನ್ನು ಹೇಡಿ ಅನ್ನುತ್ತಾರೆ. ಮುದುಕ ಮಾತ್ರ ಸರಿಯಾಗಿ ಹಿಡಿದ: ಕುದುರೆ ಬಂದ ಮೇಲೆ ನೀನು ಬದಲಾದೆ ಅಂತ. ಐದು ಕುದುರೆ ಸಿಕ್ಕಿವೆ ಪಾಬ್ಲೋಗೆ. ಕೊಟ್ಟಿಗೆಯಲ್ಲಿ ನಾಲ್ಕು ಕಾಲಿನ ಆಸ್ತಿ ನಿಂತ ಮೇಲೆ ಮನುಷ್ಯನಿಗೆ ಭಯ ಬರುತ್ತೆ. ಅದು ಯಾವ ದೇಶವಾದರೂ ಒಂದೇ. ನನಗೆ ಎರಡು ಸೀಮೆ ಹಸು ಬಂದ ಮೇಲೆ ನಾನೇ ಊರ ಹಬ್ಬಕ್ಕೆ ರಾತ್ರಿ ನಿಲ್ಲುವುದು ಬಿಟ್ಟೆ.

ಮುಳಬಾಗಿಲು ಮೇಷ್ಟ್ರು:
ಅಂತರಗಂಗೆ ಅವರೇ, ಪುಸ್ತಕ ಮುಚ್ಚಬೇಡಿ. ಆ 'ದೌ' ಹಿಂದೆ ಒಂದು ಕಾರಣ ಇದೆ. ಸ್ಪ್ಯಾನಿಷಿನಲ್ಲಿ ನಮ್ಮ ಹಾಗೆ ನೀನು, ನೀವು ಎರಡೂ ಇವೆ. 'ತೂ' ಅಂದರೆ ನೀನು, 'ಉಸ್ತೆದ್' ಅಂದರೆ ನೀವು. ಇಂಗ್ಲಿಷಿನಲ್ಲಿ ಈಗ ಉಳಿದಿರುವುದು 'ಯು' ಒಂದೇ. ಹಳೇ ಇಂಗ್ಲಿಷಿನಲ್ಲಿ ನೀನು ಅನ್ನುವುದಕ್ಕೆ 'ದೌ' ಇತ್ತು. ಪಾತ್ರಗಳು ಸ್ಪ್ಯಾನಿಷ್ ಮಾತಾಡುತ್ತಿದ್ದಾರೆ ಅಂತ ಓದುಗನಿಗೆ ಗೊತ್ತಾಗಲಿ ಅಂತ ಹೆಮಿಂಗ್ವೇ ಆ ಸತ್ತ ಪದವನ್ನು ಎಬ್ಬಿಸಿದರು. ವಾಕ್ಯಗಳನ್ನೂ ಸ್ಪ್ಯಾನಿಷ್ ಜಾಡಿನಲ್ಲೇ ಕಟ್ಟಿದರು. ಇಂಗ್ಲಿಷರಿಗೆ ಇದು ವಿಚಿತ್ರವಾಗಿ ಕೇಳಿಸಿತು. ಇದು ಸೋತ ಪ್ರಯೋಗ ಅಂದವರೂ ಇದ್ದಾರೆ.

ಹಿನ್ನೆಲೆ ಬೇಕಾದವರಿಗೆ ಎರಡು ಮಾತು. 1936ರ ಜುಲೈನಲ್ಲಿ ಸ್ಪೇನಿನ ಕೆಲವು ಜನರಲ್‌ಗಳು ಚುನಾಯಿತ ಸರ್ಕಾರದ ಮೇಲೆ ದಂಗೆ ಎದ್ದರು. ಫ್ರಾಂಕೋ ಅವರ ನಾಯಕನಾದ. ಹಿಟ್ಲರ್, ಮುಸ್ಸೋಲಿನಿ ಅವನಿಗೆ ವಿಮಾನ, ಸೈನಿಕರನ್ನು ಕೊಟ್ಟರು. ಸರ್ಕಾರದ ಕಡೆಗೆ ರಷ್ಯಾದ ನೆರವು ಬಂತು. ಬೇರೆ ಬೇರೆ ದೇಶಗಳಿಂದ ಸಾವಿರಾರು ಜನ ತಾವಾಗಿಯೇ ಹೋಗಿ ಫ್ರಾಂಕೋ ವಿರುದ್ಧ ಹೋರಾಡಿದರು. ಕಾದಂಬರಿ ನಡೆಯುವುದು 1937ರ ಮೇ ಕೊನೆಯಲ್ಲಿ, ಮ್ಯಾಡ್ರಿಡ್ ಪಕ್ಕದ ಗ್ವಾದರ್ರಾಮ ಬೆಟ್ಟಗಳಲ್ಲಿ. ಹೆಮಿಂಗ್ವೇ ಅದೇ ವರ್ಷ ವರದಿಗಾರರಾಗಿ ಅಲ್ಲಿದ್ದರು. ನಮ್ಮ ನೆಹರೂ ಕೂಡ 1938ರ ಜೂನ್‌ನಲ್ಲಿ ಬಾರ್ಸಿಲೋನಾಗೆ ಹೋಗಿಬಂದರು.

ಅಂದ ಹಾಗೆ ಗೆರಿಲ್ಲಾ ಅನ್ನುವ ಪದವೂ ಸ್ಪೇನಿನದೇ. ಗೆರ್ರಾ ಅಂದರೆ ಯುದ್ಧ, ಗೆರಿಲ್ಲಾ ಅಂದರೆ ಪುಟ್ಟ ಯುದ್ಧ. 1808ರಲ್ಲಿ ನೆಪೋಲಿಯನ್ ಸೈನ್ಯ ನುಗ್ಗಿದಾಗ ಅಲ್ಲಿನ ರೈತರು ಬೆಟ್ಟ ಹತ್ತಿ ಕಾದಾಡಿದರು. ಆಗಿನಿಂದ ಆ ಪದ ಊರೂರು ಸುತ್ತಿತು. ತರಗತಿಯಲ್ಲಿ ಹುಡುಗರು 'ಗೊರಿಲ್ಲಾ ಯುದ್ಧ' ಅಂತ ಬರೆಯುತ್ತಿದ್ದರು. ಅರ್ಧ ಮಾರ್ಕ್ಸ್ ಕೊಡುತ್ತಿದ್ದೆ, ಪಾಪ.

ಅಂತರಗಂಗೆ:
ಮೇಷ್ಟ್ರೇ, ಇದನ್ನು ಓದಿ ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ನಡೆಯುವುದೂ ಇದೇ ಅಲ್ವಾ! ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಕೋಲಾರದಲ್ಲಿ ಅರ್ಧ ಮನೆಗಳ ಕಥೆ ಇದು. ಅಜ್ಜಿ ತೆಲುಗಿನಲ್ಲಿ ದೇವರಿಗೂ 'ನುವ್ವು', ಎಮ್ಮೆಗೂ 'ನುವ್ವು', ಬ್ಯಾಂಕಿನ ಸಾಹೇಬರಿಗೆ ಮಾತ್ರ 'ಮೀರು'. ಅದೇ ಅಜ್ಜಿ ಕನ್ನಡ ಮಾತಾಡಿದರೆ ಸಾಹೇಬರಿಗೂ 'ನೀನು' ಬಂದುಬಿಡುತ್ತೆ. ಮರ್ಯಾದೆ ಇಲ್ಲ ಅಂತಲ್ಲ. ತಲೆಯೊಳಗೆ ತೆಲುಗು ಓಡುತ್ತಿದೆ, ಬಾಯಲ್ಲಿ ಕನ್ನಡ ಬರುತ್ತಿದೆ. ಹಂಗಾಗಿ ಪದ ಎಲ್ಲ ಕನ್ನಡದ್ದೇ, ನಡಿಗೆ ಮಾತ್ರ ಬೇರೆ.

ನಿನ್ನೆ ಎರಡನೇ ಅಧ್ಯಾಯ ಮತ್ತೆ ತೆಗೆದೆ. ಗುಹೆಯಲ್ಲಿ ಊಟ ಮಾಡುವ ಭಾಗ. ಈರುಳ್ಳಿ, ಹಸಿರು ಮೆಣಸಿನಕಾಯಿ ಹಾಕಿ ಬೇಯಿಸಿದ ಮೊಲ, ಕೆಂಪು ವೈನಿನ ಸಾರಿನಲ್ಲಿ ಕಡಲೆಕಾಳು. ಅವರ ಮಾತನ್ನು ಮನಸ್ಸಿನಲ್ಲೇ ನಮ್ಮ ಮನೆ ತೆಲುಗಿಗೆ ಹಾಕಿಕೊಂಡು ಓದಿದೆ. ಎಲ್ಲೂ ತಡೆಯಲಿಲ್ಲ. ನಾಟಕದ ಮಾತು ಅನ್ನಿಸಿದ್ದು ಹಿತ್ತಲ ಮಾತಾಗಿಬಿಟ್ಟಿತು. ಇಂಗ್ಲಿಷ್ ಮನೆಮಾತಿನವರಿಗಿಂತ ನಮಗೇ ಈ ಪುಸ್ತಕ ಜಾಸ್ತಿ ಹತ್ತಿರ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ಚಾಂಪಿಯನ್ ರೀಫ್:
ನಾನು ಈ ಪುಸ್ತಕ ಎರಡು ಸಲ ಓದಿದ್ದೇನೆ. ನಮ್ಮಪ್ಪ ಕೆಜಿಎಫ್ ಗಣಿಯಲ್ಲಿ ಬ್ಲಾಸ್ಟಿಂಗ್ ಕಡೆ ಇದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ. ಹಾಗಾಗಿ ನಾನು ಇದನ್ನು ಮದ್ದಿನ ಕಣ್ಣಿನಿಂದ ಓದಿದೆ.

ಸಿನಿಮಾದಲ್ಲಿ ಡೈನಮೈಟ್ ಕಡ್ಡಿಗೆ ಬೆಂಕಿ ಹಚ್ಚಿ ಎಸೆಯುತ್ತಾರಲ್ಲ, ಅಪ್ಪ ಅದನ್ನು ನೋಡಿ ಬಯ್ಯುತ್ತಿದ್ದರು. ಅದು ಸಿಡಿಯಬೇಕಾದರೆ ಒಳಗೊಂದು ಸಣ್ಣ ಏಟು ಬೀಳಬೇಕು. ಅದಕ್ಕೇ ಕೇಪು, ಅಂದರೆ ಡಿಟೊನೇಟರ್. ಬೆರಳುದ್ದದ ಲೋಹದ ಕೊಳವೆ. ಮದ್ದು ದೊಡ್ಡದು, ಕೇಪು ಚಿಕ್ಕದು. ಆದರೆ ಗಣಿಯವರು ಹೆದರುವುದು ಕೇಪಿಗೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹೊರುವ ಹಾಗಿಲ್ಲ. ಅಪ್ಪ ಮನೆಯಲ್ಲಿ ಬೆಂಕಿಪೊಟ್ಟಣ ಮತ್ತು ಸೀಮೆಎಣ್ಣೆ ಡಬ್ಬವನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿಸುತ್ತಿದ್ದರು. ಅಮ್ಮನಿಗೆ ರೇಗುತ್ತಿತ್ತು.

ನಾಲ್ಕನೇ ಅಧ್ಯಾಯ ಮತ್ತೆ ನೋಡಿ. ಜೋರ್ಡನ್ ತನ್ನ ಮೂಟೆ ಬಿಚ್ಚಿ ಎಲ್ಲ ಸರಿಯಾಗಿದೆಯಾ ಅಂತ ಕೈಯಿಂದ ತಡಕಿ ನೋಡುತ್ತಾನೆ. ಕೇಪುಗಳಿಗೆ ಅವುಗಳ ತಂತಿಯನ್ನೇ ಸುತ್ತಿಟ್ಟಿದ್ದಾನೆ. ಚಿಕ್ಕವನಿದ್ದಾಗ ಹಕ್ಕಿಮೊಟ್ಟೆ ಕೂಡಿಡುತ್ತಿದ್ದನಂತೆ, ಅಷ್ಟೇ ಜೋಪಾನ. ಈ ಒಂದು ಹೋಲಿಕೆಗೆ ನಾನು ಹೆಮಿಂಗ್ವೇಗೆ ಕೈ ಮುಗಿದೆ. ಮದ್ದಿನ ಕೆಲಸ ಮಾಡಿದವರ ಕೈ ಹಾಗೇ ಇರುತ್ತದೆ. ಅಪ್ಪ ಟೀ ಲೋಟ ಕೆಳಗಿಡುವಾಗಲೂ ಸದ್ದಾಗುತ್ತಿರಲಿಲ್ಲ.

ಮಾವಿನತೋಪು ಅಣ್ಣ, ಗುಂಡು ಹಾರಿಲ್ಲ ಅಂದಿರಿ. ಬ್ಲಾಸ್ಟಿಂಗ್ ಅಂದರೆ ತೊಂಬತ್ತು ಭಾಗ ಕಾಯುವುದೇ. ತೂತು ಕೊರೆಯುವುದು, ತುಂಬುವುದು, ತಂತಿ ಎಳೆಯುವುದು, ಎಲ್ಲರೂ ದೂರ ಹೋದರಾ ಅಂತ ತಲೆ ಎಣಿಸುವುದು. ಸದ್ದು ಒಂದು ಕ್ಷಣ. ಈ ಪುಸ್ತಕ ಆ ಲೆಕ್ಕ ಬಲ್ಲದು. ಇನ್ನೊಂದು ಮಾತು, ಆ ಕೇಪಿನ ಪೆಟ್ಟಿಗೆಯ ಮೇಲೆ ಒಂದು ಕಣ್ಣಿಟ್ಟಿರಿ.

ಅಂತರಗಂಗೆ:
ಅಣ್ಣಾ! ಮುಂದಿನದು ಹೇಳಬೇಡಿ ಅಂತ ಮೊದಲನೇ ಸಾಲಲ್ಲೇ ಕೇಳಿಕೊಂಡಿದ್ದೆ.

ಚಾಂಪಿಯನ್ ರೀಫ್:
ನಾನೇನೂ ಹೇಳಲಿಲ್ಲಮ್ಮ. ಕಣ್ಣಿಡಿ ಅಂದೆ ಅಷ್ಟೇ.

ಮಾವಿನತೋಪು:
ಈಗ ನನಗೆ ಓದಲೇಬೇಕು ಅನ್ನಿಸುತ್ತಿದೆ. ಒಳ್ಳೆ ಕೆಲಸ ಮಾಡಿದ್ರಿ.

ಪಿನಾಕಿನಿ ತೀರ:
ಗೌರಿಬಿದನೂರಿನಿಂದ. ತಡವಾಗಿ ಬಂದೆ, ಕ್ಷಮಿಸಿ. ಎಲ್ಲರೂ ಪಾಬ್ಲೋ, ಮದ್ದು, ಮೊಲದ ಸಾರು ಅಂತ ಮಾತಾಡುತ್ತಿದ್ದೀರಿ. ಮಾರಿಯಾ ಬಗ್ಗೆ ಯಾರೂ ಬರೆದಿಲ್ಲವಲ್ಲ! ಫ್ಯಾಸಿಸ್ಟರು, ಅಂದರೆ ಫ್ರಾಂಕೋ ಕಡೆಯವರು, ಆ ಹುಡುಗಿಯ ತಲೆ ಬೋಳಿಸಿದ್ದಾರೆ. ರೈಲು ಉಡಾಯಿಸಿದ ದಿನ ಈ ಗುಂಪು ಅವಳನ್ನು ಬಿಡಿಸಿ ತಂದಿದೆ. ಇಷ್ಟು ನೋವು ಉಂಡವಳು ಜೋರ್ಡನ್‌ನನ್ನು ಕಂಡ ದಿನ ರಾತ್ರಿಯೇ ಅವನ ಪಕ್ಕ ಬಂದು ಮಲಗುತ್ತಾಳೆ. ಅವನು ಅವಳನ್ನು 'ಮೊಲವೇ' ಅಂತ ಕರೆಯುತ್ತಾನೆ. ಊಟಕ್ಕೂ ಮೊಲ, ಪ್ರೀತಿಗೂ ಮೊಲ. ನನಗೆ ಇದು ಗಂಡಸಿನ ಕನಸು ಅನ್ನಿಸಿತು, ಹೆಂಗಸಲ್ಲ. ಕಾಗದದ ಗೊಂಬೆ.

ಪಿಲಾರ್ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು. ಪಾಬ್ಲೋ ಹೆಂಡತಿ, ಐವತ್ತರ ಆಸುಪಾಸು, ದಪ್ಪ ಮೈ, ದೊಡ್ಡ ಬಾಯಿ. ಜೋರ್ಡನ್ ಕೈ ಹಿಡಿದು ರೇಖೆ ನೋಡುತ್ತಾಳೆ. ಏನು ಕಂಡಿತು ಅಂದರೆ ಹೇಳುವುದಿಲ್ಲ. ಏನೂ ಕಾಣಲಿಲ್ಲ ಅಂತ ಕೈ ಬಿಟ್ಟುಬಿಡುತ್ತಾಳೆ. ಗಂಡ ಬೇಡ ಅಂದ ಸೇತುವೆಗೆ ಅವಳೇ ಹ್ಞೂಂ ಅಂದು ಅವತ್ತಿನಿಂದ ಯಜಮಾನಿಕೆ ತಾನೇ ತಗೊಳ್ಳುತ್ತಾಳೆ. 1943ರಲ್ಲಿ ಇದು ಸಿನಿಮಾ ಆದಾಗ ಪಿಲಾರ್ ಪಾತ್ರ ಮಾಡಿದ ಕಟೀನಾ ಪಾಕ್ಸಿನೂಗೆ ಆಸ್ಕರ್ ಬಂತು. ನಾಯಕಿ ಇಂಗ್ರಿಡ್ ಬರ್ಗ್‌ಮನ್‌ಗೆ ಬರಲಿಲ್ಲ. ತಕ್ಕಡಿ ಸರಿಯಾಗಿಯೇ ತೂಗಿತು ನೋಡಿ.

ಈಗ ಹತ್ತನೇ ಅಧ್ಯಾಯ. ಎಲ್ಲರೂ ಓದಿದ್ದೀರಾ? ಓದದವರು ಇಲ್ಲಿಗೆ ನಿಲ್ಲಿಸಿ.

ಯುದ್ಧ ಶುರುವಾದ ದಿನ ತಮ್ಮ ಊರಲ್ಲಿ ಏನಾಯ್ತು ಅಂತ ಪಿಲಾರ್ ಹೇಳುತ್ತಾಳೆ. ಕೊಂದವರು ಶತ್ರುಗಳಲ್ಲ, ಇವರೇ. ಊರಿನ ಫ್ಯಾಸಿಸ್ಟರನ್ನು ಪಂಚಾಯ್ತಿ ಕಟ್ಟಡದಲ್ಲಿ ಕೂಡಿಹಾಕಿ ಒಬ್ಬೊಬ್ಬರನ್ನೇ ಹೊರಗೆ ಬಿಡುತ್ತಾರೆ. ಚೌಕದಲ್ಲಿ ಎರಡು ಸಾಲು ಜನ. ಕೈಯಲ್ಲಿ ಕಣದಲ್ಲಿ ಕಾಳು ಬಡಿಯುವ ಕೋಲು, ಹುಲ್ಲು ಎತ್ತುವ ಕವೆಗೋಲು. ಸಾಲಿನ ಕೊನೆಗೆ ಪ್ರಪಾತ, ಕೆಳಗೆ ಹೊಳೆ. ಬಡಿದು ಬಡಿದು ತಳ್ಳುತ್ತಾರೆ. ಮೊದಮೊದಲು ಸಾಲಿನಲ್ಲಿ ನಿಂತವರಿಗೇ ಕೈ ಬರುವುದಿಲ್ಲ. ಆಮೇಲೆ ಕುಡಿದವರು ಸೇರಿಕೊಳ್ಳುತ್ತಾರೆ. ಆಮೇಲೆ ಅದು ಜಾತ್ರೆ.

ಅಲ್ಲಿ ಡಾನ್ ಗಿಯೆರ್ಮೋ ಅಂತ ಒಬ್ಬ ಅಂಗಡಿಯವನು. ಕನ್ನಡಕದವನು. ಆ ಕೋಲು, ಕವೆಗೋಲುಗಳೆಲ್ಲ ಅವನ ಅಂಗಡಿಯವೇ. ಅವನನ್ನು ಹೊಡೆಯುವಾಗ ಹೆಂಡತಿ ಮನೆಯ ಬಾಲ್ಕನಿಯಿಂದ ಅವನ ಹೆಸರು ಕೂಗುತ್ತಾಳೆ. ನಾನು ಅಲ್ಲಿಗೆ ಪುಸ್ತಕ ಇಟ್ಟು ಹೊರಗೆ ಹೋಗಿ ನಿಂತೆ. ನಮ್ಮ ಮನೆಯಲ್ಲಿ ಅವರೆ ಬಡಿಯುವ ಕೋಲು ಈಗಲೂ ಗೋಡೆಗೆ ಒರಗಿದೆ.

ಮುಳಬಾಗಿಲು ಮೇಷ್ಟ್ರು:
ಈ ಅಧ್ಯಾಯಕ್ಕೆ ಫ್ರಾಂಕೋ ವಿರುದ್ಧ ಇದ್ದ ಎಡದವರೂ ಹೆಮಿಂಗ್ವೇ ಮೇಲೆ ಸಿಟ್ಟಾದರು. ನಮ್ಮ ಕಡೆಯವನಾಗಿ ನಮ್ಮ ಕೊಲೆಗಳನ್ನೇ ಬರೆದನಲ್ಲ ಅಂತ. ಫ್ರಾಂಕೋ ಕಡೆಯವರಿಗೆ ಇಡೀ ಪುಸ್ತಕವೇ ಆಗುತ್ತಿರಲಿಲ್ಲ. 1941ರಲ್ಲಿ ಪುಲಿಟ್ಜರ್ ಬಹುಮಾನಕ್ಕೆ ಮಂಡಳಿ ಇದನ್ನೇ ಆರಿಸಿತ್ತು. ಆ ಬಹುಮಾನ ಕೊಡುವ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರು ಅಡ್ಡ ಹಾಕಿದರು. ಆ ವರ್ಷ ಕಾದಂಬರಿಗೆ ಬಹುಮಾನವನ್ನೇ ಕೊಡಲಿಲ್ಲ.

ಗೌರಿಬಿದನೂರು ಅಂದಿರಿ, ವಿದುರಾಶ್ವತ್ಥ ನೆನಪಾಯಿತು. 1938ರ ಏಪ್ರಿಲ್ 25. ಸ್ಪೇನಿನಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಇಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗೋಲಿಬಾರ್ ಆಯಿತು. ನಮ್ಮ ಸೀಮೆಯ ಪ್ರತಿರೋಧದ ಕಥೆಯನ್ನೂ ಯಾರಾದರೂ ಹೀಗೆ ಕಾದಂಬರಿ ಮಾಡಬೇಕಿತ್ತು.

ಪಿನಾಕಿನಿ ತೀರ:
ಮೇಷ್ಟ್ರೇ, ತಪ್ಪು ತಿಳಿಯಬೇಡಿ. ವಿದುರಾಶ್ವತ್ಥವನ್ನು ಈ ಪುಸ್ತಕದ ಪಕ್ಕ ಇಡಬೇಡಿ. ನಮ್ಮ ತಾತ ಆ ದಿನ ಅಲ್ಲಿದ್ದವರು. ಅವರ ಕೈಯಲ್ಲಿ ಇದ್ದದ್ದು ಬಾವುಟ, ಡೈನಮೈಟ್ ಅಲ್ಲ. ಗುಂಡು ಹಾರಿದಾಗ ಹೊಳೆಯ ಕಡೆ ಓಡಿದೆ ಅನ್ನುತ್ತಿದ್ದರು, ಅಷ್ಟೇ. ಅದರಾಚೆ ಒಂದು ಮಾತಿಲ್ಲ. ಅದು ಗೆರಿಲ್ಲಾ ಕಥೆ ಹೇಗಾಗುತ್ತದೆ? ಹೋಲಿಕೆ ಬೇಕೇ ಬೇಕು ಅಂದರೆ 1942ರ ಚಲೇಜಾವ್ ಕಾಲಕ್ಕೆ ಹೋಗಿ. ತಂತಿ ಕತ್ತರಿಸಿದವರು, ರೈಲು ಹಳಿ ಕಿತ್ತವರು ಇದ್ದರು. ಹಾವೇರಿ ಕಡೆಯ ಮೈಲಾರ ಮಹಾದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಸತ್ತರಲ್ಲ, ಅವರ ಕಥೆ ಇದಕ್ಕೆ ಹತ್ತಿರ.

ಮುಳಬಾಗಿಲು ಮೇಷ್ಟ್ರು:
ಒಪ್ಪಿದೆ. ಕಾಲ ಒಂದೇ ಅಂತ ಸೇರಿಸಿಬಿಟ್ಟೆ. ಮೇಷ್ಟ್ರ ಚಾಳಿ.

ಮಾವಿನತೋಪು:
ಲಾರಿ ಹೋಯ್ತು. ಹತ್ತನೇ ಅಧ್ಯಾಯ ಮುಗಿಸಿದೆ. ಮಗನಿಗೆ ಅರ್ಧಕ್ಕೇ ಸಾಕು ಅಂದೆ, ಅವನು ಕೇಳದೆ ಪೂರ್ತಿ ಓದಿ ಹೇಳಿದ. ಗುಂಡು ಹಾರಿಲ್ಲ ಅಂತ ಬರೆದಿದ್ದೆನಲ್ಲ, ಆ ಮಾತು ವಾಪಸ್ ತಗೊಂಡೆ. ಪಾಬ್ಲೋ ಯಾಕೆ ಕುಡಿಯುತ್ತಾನೆ ಅಂತಲೂ ಗೊತ್ತಾಯಿತು. ಕುದುರೆ ಒಂದೇ ಕಾರಣ ಅಲ್ಲ.

ಒಂದು ಡೌಟು. ಹೆಸರಲ್ಲಿ ಗಂಟೆ ಇದೆ. ಇಷ್ಟು ಓದಿದರೂ ಗಂಟೆ ಎಲ್ಲೂ ಬರಲಿಲ್ಲವಲ್ಲ?

ಚಾಂಪಿಯನ್ ರೀಫ್:
ಹೆಸರು ಜಾನ್ ಡನ್ ಅನ್ನುವ ಇಂಗ್ಲಿಷ್ ಕವಿಯ ಗದ್ಯದಿಂದ ತೆಗೆದದ್ದು. 1624ರದು. ಯಾರಾದರೂ ಸತ್ತರೆ ಚರ್ಚಿನಲ್ಲಿ ಗಂಟೆ ಹೊಡೆಯುತ್ತಾರೆ. ನಮ್ಮ ಕೆಜಿಎಫ್‌ನಲ್ಲಿ ಆ ಗಂಟೆ ಕೇಳಿಯೇ ಬೆಳೆದೆ. ಒಂದು ಹೊಡೆದು, ನಿಲ್ಲಿಸಿ, ಮತ್ತೆ ಒಂದು. ಗಣಿಯ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಮಾತ್ರ ಅದಕ್ಕಿಂತ ಜಾಸ್ತಿ ಭಯ. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಳಗೆ ಬಂಡೆ ಸಿಡಿದಿದೆ ಅಂತ ಗೊತ್ತು, ಯಾರ ಮನೆಯವರು ಅಂತ ಗೊತ್ತಿಲ್ಲ.

ಮಾವಿನತೋಪು:
ನಮ್ಮೂರಲ್ಲಿ ತಮಟೆ. ಸದ್ದು ಕೇಳಿದ ತಕ್ಷಣ ಯಾರು ಹೋದರು ಅಂತ ಹುಡುಗರನ್ನು ಓಡಿಸುತ್ತೇವೆ.

ಚಾಂಪಿಯನ್ ರೀಫ್:
ಹಾಗೆ ಓಡಿಸಬೇಡ ಅಂತಲೇ ಆ ಕವಿ ಹೇಳಿರುವುದು ಅಣ್ಣ. ಸದ್ದು ನಿನಗೂ ಸೇರಿದ್ದು ಅಂತ.

ಅಂತರಗಂಗೆ:
ಮೂರು ದಿನ ಇಲ್ಲಿ ಬರಲಿಲ್ಲ. ಹತ್ತನೇ ಅಧ್ಯಾಯ ಬಸ್ಸಿನಲ್ಲಿ ಓದಲು ಆಗಲಿಲ್ಲ, ಮನೆಗೆ ತಂದೆ. ಭಾನುವಾರ ಕರೆಂಟು ಹೋಗಿತ್ತು. ಅಜ್ಜಿ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಏನು ಓದುತ್ತಿದ್ದೀಯಾ ಅಂದಳು. ಸುಮ್ನೆ ಪಿಲಾರ್ ಹೇಳಿದ ಹಾಗೇ ತೆಲುಗಿನಲ್ಲಿ ಹೇಳುತ್ತಾ ಹೋದೆ. ಎಲ್ಲೂ ಪದ ಹುಡುಕಬೇಕಾಗಲಿಲ್ಲ. ಎರಡು ಸಾಲು, ಕೋಲು, ಪ್ರಪಾತ. ಅಜ್ಜಿ ಮಧ್ಯೆ ಒಂದೂ ಮಾತಾಡಲಿಲ್ಲ. ಕೈ ಮಾತ್ರ ಬೀಜ ತೆಗೆಯುತ್ತಲೇ ಇತ್ತು.

ಅಂಗಡಿಯವನ ವಿಷಯ ಬಂದಾಗ ಕೈ ನಿಂತಿತು. 'ಬಡ್ಡಿ ಜಾಸ್ತಿ ಹಾಕುತ್ತಿದ್ದನಾ?' ಅಂತ ಕೇಳಿದಳು.

ನನಗೆ ಅದು ಹೊಳೆದೇ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಪುಟ ತಿರುಗಿಸಿ ನೋಡಿದೆ. ಪಿಲಾರ್ ಅದನ್ನೂ ಹೇಳಿದ್ದಾಳೆ! ಕೋಲು ಮಾಡಿಕೊಡುವವರಿಗೆ ಅವನು ಕೊಡುತ್ತಿದ್ದದ್ದು ಕಡಿಮೆ ನಿಜ, ಆದರೆ ಮಾರುತ್ತಿದ್ದದ್ದೂ ಕಡಿಮೆಗೇ. ಹೆಂಡತಿಗೆ ದೇವರ ಭಕ್ತಿ ಜಾಸ್ತಿ, ಅವಳ ಮೇಲಿನ ಪ್ರೀತಿಗೆ ಇವನೂ ಆ ಕಡೆ ಸೇರಿದವನು. ಅದು ಬಿಟ್ಟರೆ ಅವನ ಮೇಲೆ ಯಾರಿಗೂ ದೂರು ಇರಲಿಲ್ಲ. ಅದನ್ನೂ ಅಜ್ಜಿಗೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, 'ಆ ಕೋಲುಗಳನ್ನ ಆಮೇಲೆ ಏನು ಮಾಡಿದರಂತೆ? ಮತ್ತೆ ಕಣಕ್ಕೆ ತಂದರಾ?'

ಆ ಅಧ್ಯಾಯದಲ್ಲಿ ಹುಡುಕಿದೆ. ಇದಕ್ಕೆ ಉತ್ತರ ಕಾಣಲಿಲ್ಲ. ಯಾರಿಗಾದರೂ ಕಂಡಿದ್ದರೆ ಹೇಳಿ, ಅಜ್ಜಿ ದಿನಾ ಕೇಳುತ್ತಿದ್ದಾಳೆ.

ಪಿನಾಕಿನಿ ತೀರ:
ನಾನೂ ನೋಡಿದೆ. ಇಲ್ಲ.

ಮಾವಿನತೋಪು:
ಮುಂದಿನ ವಾರಕ್ಕೆ ಎಷ್ಟನೇ ಅಧ್ಯಾಯದವರೆಗೆ? ಮಗನಿಗೆ ಪರೀಕ್ಷೆ ಇದೆ. ಸ್ವಲ್ಪ ಕಡಿಮೆ ಇಟ್ಟರೆ ಉಪಕಾರ ಆಗುತ್ತೆ.